ತುಪ್ಪದ ಕೊಳದ ಬತೇರಿ ಮೇಲೆ ಒಂದು ಮಧ್ಯಾಹ್ನ

ಚಿತ್ರದುರ್ಗದ ಕೋಟೆಗೆ ಹೋದವರಲ್ಲಿ ಹೆಚ್ಚಿನವರು ಓಬವ್ವನ ಕಿಂಡಿ ನೋಡಿ, ಏಕನಾಥೇಶ್ವರಿಗೆ ಕೈಮುಗಿದು, ನಾಲ್ಕು ಫೋಟೋ ಹೊಡೆದುಕೊಂಡು ಇಳಿದುಬಿಡುತ್ತಾರೆ. ಶಾಲೆಯ ಪ್ರವಾಸದಲ್ಲಿ ನಾವೂ ಹಾಗೇ ಇಳಿದು ಬಂದವರು. ಈ ಸಲ ಮಾತ್ರ ತುಪ್ಪದ ಕೊಳದ ಬತೇರಿ ಹತ್ತಲೇಬೇಕು ಅಂತ ಹಟ ಹಿಡಿದು ಹೋದೆವು.

ಬತೇರಿ ಅಂದರೆ ನಮ್ಮ ಕಡೆಯವರಿಗೆ ಗೊತ್ತು. ಕೋಟೆಗೆ ಸೇರಿದ ದುಂಡನೆಯ ಕಾವಲು ಗೋಪುರ. ದುರ್ಗದಲ್ಲಿ ಲಾಲ್ ಬತೇರಿ, ಝಂಡಾ ಬತೇರಿ ಅಂತ ಇನ್ನೂ ಇವೆ. ಇದು ಇರುವುದು ಬೆಟ್ಟದ ನೆತ್ತಿಯಲ್ಲಿ. ಹತ್ತಿರದ ಕೊಳದಲ್ಲಿ ಹಿಂದೆ ತುಪ್ಪ ತುಂಬಿಡುತ್ತಿದ್ದರಂತೆ, ಅದಕ್ಕೇ ಆ ಹೆಸರು. ಮೇಲೆ ಹತ್ತಲು ಬಂಡೆಯಲ್ಲೇ ಕಾಲು ಊರುವಷ್ಟು ಗುಳಿ ಕೊರೆದಿದ್ದಾರೆ. ಚಪ್ಪಲಿ ಕೈಯಲ್ಲಿ ಹಿಡಿದು, ಕೆಳಗೆ ನೋಡದೆ ಹತ್ತಿದೆವು. ಮಳೆ ಬಂದ ದಿನ ಯಾರೂ ಈ ಸಾಹಸಕ್ಕೆ ಹೋಗಬೇಡಿ.

ಮೇಲೆ ಹೋದರೆ ಮೊದಲು ಸಿಗುವುದು ಗಾಳಿ. ಮಾತು ಬಾಯಿಂದ ಹೊರಗೆ ಬರುವ ಮೊದಲೇ ಹಾರಿಹೋಗುತ್ತದೆ. ಕೆಳಗೆ ಇಡೀ ಊರು, ಅದರಾಚೆ ಹೊಲಗಳು, ದೂರದ ಗುಡ್ಡಗಳ ಮೇಲೆ ಸಾಲಾಗಿ ಗಾಳಿ ಫ್ಯಾನುಗಳು. ನಮ್ಮದು ಒಣ ಸೀಮೆ. ಇಂಥ ನೆಲದ ಮೇಲೆ ಕುದುರೆ ದಂಡು ಬಂದರೆ ಆಳು ಕಾಣುವ ಮೊದಲೇ ಧೂಳು ಕಾಣುತ್ತದೆ. ನಾಯಕರು ಇಲ್ಲಿ ಕಾವಲು ಇಟ್ಟಿದ್ದು ಯಾಕೆ ಅಂತ ಪುಸ್ತಕ ಓದಿ ತಿಳಿಯಬೇಕಾಗಿಲ್ಲ, ಹತ್ತಿ ನಿಂತರೆ ಸಾಕು.

ಆದರೆ ಇದೇ ಕೋಟೆಯ ದೊಡ್ಡ ಕಥೆಯಲ್ಲಿ ವೈರಿ ಬಂದದ್ದು ಬಯಲಿನಿಂದ ಅಲ್ಲ, ಬಂಡೆಯ ಸಂದಿನಿಂದ. ಹೈದರಾಲಿ ಮುತ್ತಿಗೆ ಹಾಕಿದ್ದ ಕಾಲ. ಕಾವಲಿನ ಮುದ್ದಹನುಮ ಊಟಕ್ಕೆ ಬಂದಿದ್ದ, ಹೆಂಡತಿ ಓಬವ್ವ ನೀರಿಗೆ ಹೋದಳು. ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದಳು. ಊಟ ಮುಗಿಸಿ ಬಂದ ಗಂಡನಿಗೆ ಕಂಡದ್ದು ಹೆಣದ ರಾಶಿ, ರಕ್ತ ಮೆತ್ತಿದ ಒನಕೆ. ಓಬವ್ವನೂ ಅಂದೇ ತೀರಿಕೊಂಡಳು ಅಂತ ಕಥೆ ಹೇಳುತ್ತದೆ. 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿ ಮಾಡಿದ ಓಬವ್ವನನ್ನು ನಮ್ಮ ಅಮ್ಮಂದಿರು ಈಗಲೂ ಮರೆತಿಲ್ಲ.

ಆ ಕಿಂಡಿ ಕಾಣುತ್ತದಾ ಅಂತ ಬತೇರಿ ಮೇಲಿಂದ ಹುಡುಕಿದೆವು. ಬಂಡೆ ಮೇಲೆ ಬಂಡೆ, ಏನೂ ಗುರುತು ಹತ್ತಲಿಲ್ಲ. ಕಾಲಡಿಯ ಸಂದಿ ಗೊತ್ತಿರುವುದು ದಿನಾ ಆ ದಾರಿಯಲ್ಲಿ ಕೊಡ ಹೊತ್ತು ಓಡಾಡುವವರಿಗೆ.

ಮುದ್ದಹನುಮನ ವಿಷಯದಲ್ಲಿ ನಮಗೊಂದು ಅಸಮಾಧಾನ ಇದೆ. 'ಊಟಕ್ಕೆ ಹೋಗಿದ್ದ' ಅನ್ನುವ ಒಂದೇ ಮಾತಿನಲ್ಲಿ ಅವನ ಕಥೆ ಮುಗಿಯುತ್ತದೆ, ಹೇಳುವವರು ಅಲ್ಲೊಂದು ಸಣ್ಣ ನಗೆ ಬೇರೆ ನಗುತ್ತಾರೆ. ಕಾವಲುಗಾರ ಊಟ ಮಾಡಬಾರದೇ? ಅವನು ಎದ್ದು ಹೋದಾಗ ಆ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸಬೇಕಾದವರು ಯಾರು? ಶೇಂಗಾ ಹೊಲದಲ್ಲಿ ಅಟ್ಟಣೆ ಕಟ್ಟಿ, ಹಂದಿ ಕಾಯಲು ರಾತ್ರಿಯೆಲ್ಲ ಎಚ್ಚರ ಇದ್ದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಹತ್ತು ರಾತ್ರಿ ಕಾದದ್ದನ್ನು ಯಾರೂ ಕೇಳುವುದಿಲ್ಲ, ಕಣ್ಣು ಮುಚ್ಚಿದ ಒಂದು ಗಳಿಗೆ ಊರೆಲ್ಲ ಸುದ್ದಿ.

ಕೊನೆಗೆ 1779ರಲ್ಲಿ ಕೋಟೆ ಬಿತ್ತು. ಆಗಲೂ ಬತೇರಿ ಮೇಲಿನ ಕಣ್ಣು ತಪ್ಪಿತು ಅಂತ ಯಾರೂ ಹೇಳುವುದಿಲ್ಲ. ಮದಕರಿ ನಾಯಕನ ಸೇವೆಯಲ್ಲಿದ್ದ ಕೆಲವರೇ ಹೈದರನ ಕಡೆ ತಿರುಗಿದರು. ನಾಯಕನನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ದುರ್ಗದ ಸಾವಿರಾರು ಬೇಡರನ್ನೂ ಅಲ್ಲಿಗೇ ಸಾಗಿಸಿದರು. ಇಲ್ಲಿ ಸರದಿ ಪ್ರಕಾರ ಎಚ್ಚರ ಇದ್ದವರ ಮನೆಗಳೂ ಆ ಸಾಲಿನಲ್ಲಿ ಇದ್ದಿರಬೇಕು. ನಾಯಕರ ಹೆಸರು ವಂಶಾವಳಿ ಸಮೇತ ಸಿಗುತ್ತದೆ, ಈ ಜನರದು ಸಿಗುವುದಿಲ್ಲ.

ಈಗ ಬತೇರಿ ಗೋಡೆಯ ಮೇಲೆ ಬೇರೆ ಹೆಸರುಗಳಿವೆ. ಬಾಣ ಬಿಟ್ಟ ಹೃದಯ, ಒಳಗೆ ಎರಡು ಅಕ್ಷರ, ಪಕ್ಕದಲ್ಲಿ ಇಸವಿ. ನಾವು ನಿಂತಿದ್ದಾಗಲೇ ಒಬ್ಬ ಹುಡುಗ ಕಲ್ಲಿನ ಚೂರು ತೆಗೆದುಕೊಂಡು ಕೆರೆಯಲು ಶುರು ಮಾಡಿದ. 'ಯಾಕಪ್ಪಾ ತಮ್ಮಾ?' ಅಂದೆವು. 'ಎಲ್ಲರೂ ಬರ್ದವ್ರಲ್ಲಣ್ಣ' ಅಂದ. ಬೈಯಲಿಲ್ಲ. ಮುದ್ದಹನುಮ ಯಾರು ಗೊತ್ತಾ ಅಂತ ಕೇಳಿದೆವು. ಗೊತ್ತಿರಲಿಲ್ಲ. ಓಬವ್ವನ ಗಂಡ ಅಂದ ಮೇಲೆ ಚೂರು ಕೆಳಗೆ ಹಾಕಿ, 'ಆವಯ್ಯ ಇಲ್ಲೇ ಕಾಯ್ತಿದ್ನಾ?' ಅಂದ. ಇಲ್ಲಲ್ಲ, ಕೆಳಗೆ, ಕಿಂಡಿ ಹತ್ತಿರ ಅಂದೆವು. ಎಲ್ಲಿ, ಯಾವ ಕಡೆ ಅಂತ ಅವನೂ ಬಗ್ಗಿ ಹುಡುಕತೊಡಗಿದ.

ಅಷ್ಟರಲ್ಲಿ ಕೆಳಗಿನಿಂದ ಗಾರ್ಡ್ ಸೀಟಿ ಊದಿದರು. ಸಂಜೆಯಾಗುವ ಮುಂಚೆ ಎಲ್ಲರನ್ನೂ ಇಳಿಸಬೇಕು, ಅದು ಅವರ ಡ್ಯೂಟಿ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಆ ಹುಡುಗನೇ ಮುಂದೆ ಇಳಿದು, ಕಾಲು ಎಲ್ಲಿಡಬೇಕು ಅಂತ ನಮಗೆ ತೋರಿಸಿದ.