ಭೋಪಾಲ ಕಲಿಸಿದ ಪಾಠ, ಅಮೆರಿಕ ಬರೆದಿಟ್ಟ ಲೆಕ್ಕ

ಭೋಪಾಲ ದುರಂತ ನಮಗೆಲ್ಲ ಗೊತ್ತು. ಆದರೆ ಅದರಿಂದಾಗಿ ಅಮೆರಿಕದಲ್ಲಿ ಹುಟ್ಟಿದ ಒಂದು ಕಾನೂನಿನ ಬಗ್ಗೆ ನಾವು ಮಾತಾಡೋದು ಕಡಿಮೆ. ಇವತ್ತು ಅದರ ಕಥೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಸೋರಿತು. ಸಾವಿರಾರು ಜನ ಸತ್ತರು. ಪಕ್ಕದ ಬಸ್ತಿಗಳಲ್ಲಿ ಮಲಗಿದ್ದವರಿಗೆ ಗೋಡೆಯ ಆಚೆ ಏನಿದೆ ಅಂತ ಗೊತ್ತಿರಲಿಲ್ಲ. ಆಸ್ಪತ್ರೆಗೆ ಓಡಿದರೆ, ಯಾವ ವಿಷಕ್ಕೆ ಚಿಕಿತ್ಸೆ ಕೊಡಬೇಕು ಅನ್ನೋದು ಡಾಕ್ಟರುಗಳಿಗೂ ಸ್ಪಷ್ಟವಿರಲಿಲ್ಲ.

ಇದೇ ರಾಸಾಯನಿಕವನ್ನು ಅದೇ ಕಂಪನಿ ಅಮೆರಿಕದಲ್ಲೂ ತಯಾರಿಸುತ್ತಿತ್ತು, ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಅನ್ನೋ ಊರಿನಲ್ಲಿ. 1985ರ ಆಗಸ್ಟ್ 11ರಂದು ಆ ಕಾರ್ಖಾನೆಯಿಂದ ಬೇರೊಂದು ರಾಸಾಯನಿಕ ಸೋರಿ, ನೂರಕ್ಕೂ ಹೆಚ್ಚು ಜನ ಆಸ್ಪತ್ರೆಗೆ ಹೋಗಬೇಕಾಯಿತು. ದೂರದ ದೇಶದ ಸುದ್ದಿ ಈಗ ಅವರ ಮನೆ ಬಾಗಿಲಿಗೇ ಬಂದಿತ್ತು. 1986ರ ಅಕ್ಟೋಬರ್ 17ರಂದು ಅಧ್ಯಕ್ಷ ರೇಗನ್ ಒಂದು ಕಾನೂನಿಗೆ ಸಹಿ ಹಾಕಿದರು. ಸಮುದಾಯಕ್ಕೆ ತಿಳಿಯುವ ಹಕ್ಕಿದೆ ಅನ್ನೋ ಮಾತು ಅದರ ಹೆಸರಿನಲ್ಲೇ ಇದೆ.

ಅದರ 313ನೇ ಸೆಕ್ಷನ್ನಿನಿಂದ ಬಂದದ್ದು ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ, ಅಂದರೆ ವಿಷವಸ್ತುಗಳ ಲೆಕ್ಕದ ಪುಸ್ತಕ. ಕನಿಷ್ಠ 10 ಕೆಲಸಗಾರರಿದ್ದು, ಪಟ್ಟಿಯಲ್ಲಿರುವ (ಶುರುವಿನಲ್ಲಿ 300ಕ್ಕೂ ಹೆಚ್ಚು) ರಾಸಾಯನಿಕಗಳಲ್ಲಿ ಯಾವುದನ್ನಾದರೂ ದೊಡ್ಡ ಪ್ರಮಾಣದಲ್ಲಿ ಬಳಸುವ ಕಾರ್ಖಾನೆ, ಪ್ರತಿ ವರ್ಷ ಗಾಳಿಗೆಷ್ಟು, ನೀರಿಗೆಷ್ಟು, ನೆಲಕ್ಕೆಷ್ಟು ಬಿಟ್ಟೆ ಅಂತ ಬರೆದು ಕೊಡಬೇಕು. ಇಷ್ಟಕ್ಕಿಂತ ಹೆಚ್ಚು ಬಿಡಬಾರದು ಅನ್ನೋ ಮಿತಿ ಈ ಸೆಕ್ಷನ್ನಿನಲ್ಲಿ ಇಲ್ಲ. ಎಷ್ಟು ಬಿಟ್ಟೆ ಹೇಳು, ಅಷ್ಟೇ. ಇನ್ನೊಂದು ಷರತ್ತು ನಮ್ಮಂಥ ಸಾಫ್ಟ್‌ವೇರಿನವರ ಕಿವಿ ನೆಟ್ಟಗಾಗಿಸೋದು: ಈ ಲೆಕ್ಕ ಜನರಿಗೆ ಕಂಪ್ಯೂಟರ್ ಮೂಲಕ ಸಿಗಬೇಕು. ವೆಬ್ ಇನ್ನೂ ಹುಟ್ಟಿರದ 1986ರಲ್ಲಿ!

ಬರೀ ಹೇಳಿಸಿದರೆ ಏನಾಗುತ್ತೆ? ನೋಡಿ, ಮೊದಲ ವರದಿ ಕೊಡುವ ಗಡುವು 1988ರ ಜುಲೈ 1. ಅದರ ಹಿಂದಿನ ದಿನವೇ ಮಾನ್ಸಾಂಟೊ ಕಂಪನಿಯ ಮುಖ್ಯಸ್ಥರು, 1992ರ ಕೊನೆಯೊಳಗೆ ಗಾಳಿಗೆ ಬಿಡುವ ವಿಷವನ್ನು 90% ಇಳಿಸುತ್ತೇವೆ ಅಂತ ಘೋಷಿಸಿದರು. 1989ರ ಜೂನ್‌ನಲ್ಲಿ ಅಂಕಿಅಂಶ ಹೊರಬಿದ್ದ ದಿನ, ಪಟ್ಟಿಯಲ್ಲಿದ್ದ ಕಂಪನಿಗಳ ಷೇರು ಮೌಲ್ಯ ಸರಾಸರಿ 41 ಲಕ್ಷ ಡಾಲರ್ ಇಳಿಯಿತು ಅಂತ ಅರ್ಥಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ ಆಮೇಲೆ ಲೆಕ್ಕ ಹಾಕಿದರು.

ಹಾಗಂತ ಈ ಪುಸ್ತಕ ದೋಷವಿಲ್ಲದ್ದೇನಲ್ಲ. ಅಂಕಿ ಕೊಡೋದು ಕಾರ್ಖಾನೆಯೇ. ಬಹಳಷ್ಟು ಕಡೆ ಅದು ಅಳತೆಯಲ್ಲ, ಅಂದಾಜು. ಒಂದು ಪೌಂಡ್ ಮೆಥನಾಲ್, ಒಂದು ಪೌಂಡ್ ಪಾದರಸ ಎರಡೂ ಒಂದೇ ತೂಕ, ಆದರೆ ಮೈಗೆ ಆಗುವ ಹಾನಿ ಒಂದೇ ಅಲ್ಲ. ಎಷ್ಟು ಬಿಟ್ಟರು ಅನ್ನೋದರಿಂದ ಜನ ಎಷ್ಟು ಉಸಿರಾಡಿದರು ಅಂತಲೂ ತಿಳಿಯೋದಿಲ್ಲ.

ಆದರೂ ಅದರ ಬೆಲೆ ಗೊತ್ತಾಗೋದು ಇನ್ನೊಂದು ಟೇಬಲ್ ಜೊತೆ ಜೋಡಿಸಿದಾಗ. ಜಾನೆಟ್ ಕರಿ ಮತ್ತು ಸಂಗಡಿಗರು 5 ರಾಜ್ಯಗಳಲ್ಲಿ ಕಾರ್ಖಾನೆಗಳು ತೆರೆದ, ಮುಚ್ಚಿದ 1,600 ಸಂದರ್ಭಗಳನ್ನು ತಾಯಂದಿರ ವಿಳಾಸವಿದ್ದ ಜನನ ದಾಖಲೆಗಳ ಜೊತೆ ಇಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ: ಕಾರ್ಖಾನೆ ನಡೆಯುತ್ತಿರುವಾಗ, ಒಂದು ಮೈಲಿಯೊಳಗೆ, ಕಡಿಮೆ ತೂಕದ ಮಕ್ಕಳು ಹುಟ್ಟುವ ಪ್ರಮಾಣ ಸುಮಾರು 3% ಹೆಚ್ಚು. ಮೈಲಿ ದಾಟಿದರೆ ಆ ಪರಿಣಾಮ ಕಾಣಲಿಲ್ಲ. ಇಡೀ ಊರಿನ ಸರಾಸರಿ ತೆಗೆದರೆ ಇಂಥದ್ದು ಕಣ್ಣಿಗೇ ಬೀಳೋದಿಲ್ಲ. ಕಾರ್ಖಾನೆಯ ವಿಳಾಸ ಬೇಕು, ವರ್ಷ ಬೇಕು.

ಇನ್ನು ನಮ್ಮ ದೇಶ. ಭೋಪಾಲದ ನಂತರ ನಾವೂ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ 41ಬಿ ಸೆಕ್ಷನ್ ಬಂತು: ಅಪಾಯಕಾರಿ ಕಾರ್ಖಾನೆ ತನ್ನ ಅಪಾಯಗಳನ್ನು ಕಾರ್ಮಿಕರಿಗೆ, ಸ್ಥಳೀಯ ಆಡಳಿತಕ್ಕೆ, ಸುತ್ತಲಿನ ಜನರಿಗೆ ತಿಳಿಸಬೇಕು. ಆದರೆ ವರ್ಷವರ್ಷದ ಲೆಕ್ಕ ಎಲ್ಲರಿಗೂ ಕಾಣುವಂತೆ ಒಂದೇ ಕಡೆ ಸೇರಲಿಲ್ಲ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 88 ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟು, 43ನ್ನು ತೀವ್ರ ಕಲುಷಿತ ಅಂದಿತು. ನಮ್ಮ ಮಂಗಳೂರು, ಭದ್ರಾವತಿ ಅದರಲ್ಲಿದ್ದವು. ಹೈದರಾಬಾದ್ ಪಕ್ಕದ ಪಟಾನ್‌ಚೆರು-ಬೊಲ್ಲಾರಂ ಕೂಡ. ಆದರೆ ಅದು ಇಡೀ ಪ್ರದೇಶದ ಅಂಕ. ಯಾವ ಕಾರ್ಖಾನೆ, ಯಾವ ರಾಸಾಯನಿಕ, ಎಷ್ಟು ಕಿಲೋ ಅಂತ ಅದರಿಂದ ತಿಳಿಯೋದಿಲ್ಲ.

ನಾನಿರೋದು ಹೈದರಾಬಾದಿನಲ್ಲಿ. ಕೆಲವು ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ "ನಿಮಗೂ ಘಾಟು ಬರ್ತಿದೆಯಾ?" ಅನ್ನೋ ಮೆಸೇಜು ಬರುತ್ತೆ. ಎಲ್ಲರೂ ಕಿಟಕಿ ಮುಚ್ಚುತ್ತೇವೆ. ನನ್ನ ಮಗಳಿಗೆ ಎರಡು ವರ್ಷ. ಅವಳು ಕೆಮ್ಮಿದಾಗ ಡಾಕ್ಟರು "ಏನು ವಾಸನೆ ಅದು?" ಅಂತ ಕೇಳಿದರೆ, ಹೇಳೋಕೆ ನನ್ನ ಹತ್ತಿರ ಒಂದು ಹೆಸರೂ ಇಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, ನಿಜ. ಆದರೆ ಯಾವ ಕಾರ್ಖಾನೆ ಅಂತ ಗೊತ್ತಿಲ್ಲದವನು ಏನಂತ ಕೇಳೋದು?

ತಾಂತ್ರಿಕವಾಗಿ ಇದು ದೊಡ್ಡ ಕೆಲಸವೇನಲ್ಲ. ಕಾರ್ಖಾನೆ ಮತ್ತು ಅದರ ವಿಳಾಸ, ರಾಸಾಯನಿಕ, ವರ್ಷ, ಎಷ್ಟು ಕಿಲೋ: ನಾಲ್ಕು ಕಾಲಂ. ಭೋಪಾಲದಲ್ಲಿ ಸತ್ತವರು ನಮ್ಮವರು. ಅವರ ಸಾವಿನಿಂದ ಎಚ್ಚೆತ್ತ ದೇಶ ಆ ಟೇಬಲನ್ನು 1989ರಲ್ಲೇ ಜನರ ಮುಂದಿಟ್ಟಿತು. ನಾವು ಇನ್ನೂ ಇಟ್ಟಿಲ್ಲ.