ಲೆವೆಲ್ ಸ್ಕೇಲಿಂಗ್ ಮತ್ತು ಮಾಡ್‌ಗಳು

ವಿಡಿಯೋ ಗೇಮ್‌ಗಳಲ್ಲಿ ಆಟಗಾರನ ಪಾತ್ರ ಅನುಭವ ಗಳಿಸಿ ಮೇಲಿನ ಹಂತಕ್ಕೆ ಏರಿದಂತೆ ಶತ್ರುಗಳ ಬಲವನ್ನೂ ಕೈಗೆ ಸಿಗುವ ಆಯುಧಗಳ ಗುಣಮಟ್ಟವನ್ನೂ ತಾನಾಗಿ ಏರಿಸುವ ವ್ಯವಸ್ಥೆಗೆ ಲೆವೆಲ್ ಸ್ಕೇಲಿಂಗ್ ಎಂದು ಹೆಸರು. ಕಲ್ಪಿತ ಜಗತ್ತಿನಲ್ಲಿ ಯಾವ ದಿಕ್ಕಿಗೆ ಬೇಕಾದರೂ ಮೊದಲು ಹೋಗಬಹುದಾದ ಮುಕ್ತಜಗತ್ತಿನ ಆಟಗಳಲ್ಲಿ ಎಲ್ಲೆಡೆಯೂ ಸರಿಸಾಟಿಯ ಹೋರಾಟ ದೊರೆಯಲೆಂಬುದು ಇದರ ಉದ್ದೇಶ. ಇದರ ದೋಷ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಅಮೆರಿಕದ ಬೆಥೆಸ್ಡಾ ಸಂಸ್ಥೆ 2006ರಲ್ಲಿ ಹೊರತಂದ ‘ದಿ ಎಲ್ಡರ್ ಸ್ಕ್ರೋಲ್ಸ್ 4: ಆಬ್ಲಿವಿಯನ್’ನಲ್ಲಿ, ಅಲ್ಲಿ ನಾಯಕ ಬಲಿಷ್ಠನಾದ ಮೇಲೆ ಸಾಮಾನ್ಯ ದಾರಿಗಳ್ಳರೂ ದುಬಾರಿ ಗಾಜಿನ ಕವಚ ತೊಟ್ಟು ಎದುರಾಗುತ್ತಿದ್ದುದರಿಂದ, ಶ್ರಮಪಟ್ಟು ಗಳಿಸಿದ ಶಕ್ತಿಗೆ ಅರ್ಥವೇ ಉಳಿಯುತ್ತಿರಲಿಲ್ಲ, ಮಾತುಗಾರಿಕೆ, ವ್ಯಾಪಾರದಂತಹ ಕೌಶಲಗಳನ್ನು ಬೆಳೆಸಿಕೊಂಡವನಂತೂ ಹಂತ ಏರಿದಷ್ಟೂ ಕಾಳಗದಲ್ಲಿ ಹಿಂದೆ ಬೀಳುತ್ತಿದ್ದನು.

ಈ ಕೊರತೆಯನ್ನು ನೀಗಿದವರು ಆಟಗಾರರೇ ಎಂಬುದು ಗಮನಾರ್ಹ. ಸಂಸ್ಥೆ ಉಚಿತವಾಗಿ ಒದಗಿಸಿದ ‘ಕನ್‌ಸ್ಟ್ರಕ್ಷನ್ ಸೆಟ್’ ಎಂಬ ತಂತ್ರಾಂಶ ಬಳಸಿ ಅವರು ಮಾಡ್‌ಗಳನ್ನು, ಅಂದರೆ ಮೂಲ ಆಟದ ದತ್ತಾಂಶವನ್ನು ಬದಲಿಸುವ ಅಥವಾ ಹಿಗ್ಗಿಸುವ ಕಡತಗಳನ್ನು, ರಚಿಸಿದರು. ಅವುಗಳಲ್ಲಿ ಪ್ರಮುಖವಾದ ‘ಆಸ್ಕ್ಯುರೋಸ್ ಆಬ್ಲಿವಿಯನ್ ಓವರ್‌ಹಾಲ್’ ಅನೇಕ ಶತ್ರುಗಳಿಗೆ ನಿಶ್ಚಿತ ಬಲವನ್ನು ಗೊತ್ತುಪಡಿಸಿ, ಅಪಾಯದ ಗವಿಯಿಂದ ಹಿಂದೆ ಸರಿದು, ಬಲ ಗಳಿಸಿ ಮರಳಿ ಗೆಲ್ಲುವ ನಿಜವಾದ ಸಂತೋಷವನ್ನು ಆಟಕ್ಕೆ ತಂದಿತು. ಇದೇ ಸರಣಿಯ ಮುಂದಿನ ಆಟವಾದ 2011ರ ‘ಸ್ಕೈರಿಮ್’ನಲ್ಲಿ ಸಂಸ್ಥೆಯೇ ಹಲವು ಪ್ರದೇಶಗಳಿಗೆ ಕನಿಷ್ಠ ಹಂತವನ್ನು ನಿಗದಿಪಡಿಸಿತು, ಮರುವರ್ಷ ಅದರ ಮಾಡ್ ರಚನೆಗೆಂದು ‘ಕ್ರಿಯೇಷನ್ ಕಿಟ್’ ಬಿಡುಗಡೆಯಾಯಿತು.