ಮುತ್ತಿನ ದ್ವೀಪದಲ್ಲಿ ಕೈಯ ವಿದ್ಯೆ

ಬಹರೈನಿನ ಮುಹರಕ್ ನಗರದ ಇಕ್ಕಟ್ಟಾದ ಓಣಿಗಳಲ್ಲಿ ಹಿಂದಿನ ಮುತ್ತಿನ ವರ್ತಕರ ಮನೆಗಳು ಕೆಲವು ಇಂದಿಗೂ ನಿಂತಿವೆ. ತವ್ವಾಶ್ ಎಂಬ ಹೆಸರಿನ ಆ ವರ್ತಕರು ತಮ್ಮ ಸಲಕರಣೆಗಳ ಪೆಟ್ಟಿಗೆಯಲ್ಲಿ ಒಂದರೊಳಗೊಂದು ಕೂರುವ ಲೋಹದ ಪುಟ್ಟ ಜರಡಿಗಳನ್ನಿಟ್ಟುಕೊಂಡಿರುತ್ತಿದ್ದರು. ಪ್ರತಿಯೊಂದರ ತಳದಲ್ಲಿಯೂ ದುಂಡನೆಯ ರಂಧ್ರಗಳಿದ್ದು, ಒಂದು ಜರಡಿಯಿಂದ ಮುಂದಿನದಕ್ಕೆ ಹೋದಂತೆ ಆ ರಂಧ್ರಗಳು ಕ್ರಮವಾಗಿ ಕಿರಿದಾಗುತ್ತಿದ್ದವು. ಋತುವಿನ ಮುತ್ತುಗಳನ್ನೆಲ್ಲ ಮೊದಲನೆಯ ಜರಡಿಗೆ ಸುರಿದು ಮೆಲ್ಲನೆ ಅಲುಗಿಸಿ, ಉಳಿದುದನ್ನು ಬದಿಗಿರಿಸಿ, ಉದುರಿದುದನ್ನು ಎರಡನೆಯದಕ್ಕೆ ಹಾಕಿ, ಹೀಗೆ ಕೊನೆಯ ಜರಡಿಯವರೆಗೂ ಸಾಗಿದ ಮೇಲೆ ಗಾತ್ರಾನುಸಾರವಾಗಿ ವಿಂಗಡಗೊಂಡ ರಾಶಿಗಳು ಕೆಂಪು ಬಟ್ಟೆಯ ಮೇಲೆ ಮೂಡಿ ನಿಲ್ಲುತ್ತಿದ್ದವು. ಅನಂತರ ತಕ್ಕಡಿಯಲ್ಲಿ ತೂಕ, ತೂಕದಿಂದ ಬೆಲೆಯ ಗಣನೆ. ಆ ಬೆಲೆ ಕಟ್ಟುತ್ತಿದ್ದುದು ರೂಪಾಯಿಯಲ್ಲಿ. ಏಕೆಂದರೆ ಇಲ್ಲಿಯ ಮುತ್ತಿನ ಮಹಾಪೇಟೆಯಾಗಿದ್ದುದು ಮುಂಬಯಿ, ಮತ್ತು ಈ ದ್ವೀಪದಲ್ಲಿ ದಿನಾರು ಬಂದುದು 1965ರಲ್ಲಿ, ಅಲ್ಲಿಯವರೆಗೂ ರೂಪಾಯಿಯೇ ನಾಣ್ಯ. ತಂದೆಯ ಪಕ್ಕದಲ್ಲಿ ಕುಳಿತು ಜರಡಿ ಹಿಡಿಯುತ್ತಿದ್ದ ವರ್ತಕನ ಮಗನಿಗೆ ವರ್ಗೀಕರಣ, ಏರಿಕೆ ಇಳಿಕೆಯ ಕ್ರಮ, ಭಿನ್ನರಾಶಿ, ಅನುಪಾತ ಎಂಬ ಹೆಸರುಗಳನ್ನು ಯಾರೂ ಹೇಳಿಕೊಡಲಿಲ್ಲವಾದರೂ, ಅವುಗಳ ಅರ್ಥವು ಅವನ ಬೆರಳುಗಳ ಮೂಲಕವಾಗಿಯೇ ಅವನ ಬುದ್ಧಿಯನ್ನು ಪ್ರವೇಶಿಸುತ್ತಿದ್ದಿತು.

ಇಂದು ಪ್ರಾಥಮಿಕ ಶಾಲೆಗಳಲ್ಲಿ ಕೈಯಿಂದ ಮಾಡಿ ಕಲಿಯುವ ಪದ್ಧತಿಯನ್ನು ನೂತನ ಆವಿಷ್ಕಾರವೆಂಬಂತೆ ಕೊಂಡಾಡುವವರು ಬಹುಮಂದಿ. ಈ ದ್ವೀಪದ ಪೂರ್ವೇತಿಹಾಸವನ್ನು ಅವಲೋಕಿಸಿದರೆ ಕಾಣುವುದು ಬೇರೆಯ ಚಿತ್ರ. ಇಲ್ಲಿ ಕೈಯ ವಿದ್ಯೆ ಪುರಾತನವಾದದ್ದು. ನಡುವೆ ಅದನ್ನು ಶಾಲೆಯ ಹೊರಗೆ ಬಿಟ್ಟರು. ಬಿಟ್ಟುದಕ್ಕೆ ಬಲವಾದ ಕಾರಣವೂ ಇದ್ದಿತು. ಆ ಕಾರಣವನ್ನು ಮರೆತು ಕೈಯ ವಿದ್ಯೆಯನ್ನು ಹೊಗಳಿದರೆ ಹಳೆಯ ಕಾಲದ ಮಕ್ಕಳಿಗೆ ಅನ್ಯಾಯ ಮಾಡಿದಂತಾಗುವುದು.

ವರ್ತಕನ ಮಗನಿಗಿಂತ ಭಿನ್ನವಾದ ಬಾಲ್ಯ ಮುತ್ತಿನ ದೋಣಿಯ ಬಾಲಕನದು. ಜೂನಿನಿಂದ ಸೆಪ್ಟೆಂಬರಿನವರೆಗೆ, ಸಮುದ್ರವೇ ಕಾದು ಕುದಿಯುವ ತಿಂಗಳುಗಳಲ್ಲಿ, ನಖೋದಾ ಎಂಬ ನಾಯಕನ ಆಜ್ಞೆಯಲ್ಲಿ ದೋಣಿಗಳು ಮುತ್ತಿನ ಚಿಪ್ಪಿನ ನೆಲೆಗಳಿಗೆ ಹೊರಡುತ್ತಿದ್ದವು. ಮೂಗಿಗೆ ಚಿಮಟವನ್ನು ಸಿಕ್ಕಿಸಿ, ಬೆರಳುಗಳಿಗೆ ತೊಗಲಿನ ಕವಚಗಳನ್ನು ತೊಟ್ಟು, ಕಾಲಿಗೆ ಕಲ್ಲಿನ ಭಾರವನ್ನು ಕಟ್ಟಿ, ಕೊರಳಿಗೆ ಹಗ್ಗದ ಬುಟ್ಟಿಯನ್ನು ತೂಗಿಸಿಕೊಂಡು ಮುಳುಗುವವನು ಒಬ್ಬ. ಅವನನ್ನು ಮೇಲಕ್ಕೆಳೆಯುವವನು ಇನ್ನೊಬ್ಬ. ಇವರಿಬ್ಬರ ನಡುವೆ ನೀರು ತಂದುಕೊಡುತ್ತ, ಚಿಪ್ಪು ಒಡೆಯಲು ನೆರವಾಗುತ್ತ, ಹಗ್ಗ ಹಿಡಿಯಲು ಅಭ್ಯಾಸ ಮಾಡುತ್ತ ಓಡಾಡುತ್ತಿದ್ದ ಹುಡುಗರಿಗೆ ರದೀಫ್ ಎಂದೂ, ಅವರಿಗಿಂತಲೂ ಎಳೆಯರಾದವರಿಗೆ ತಬ್ಬಾಬ್ ಎಂದೂ ಹೆಸರು. ಗಾಳಿಯ ದಿಕ್ಕು, ನೀರಿನ ಬಣ್ಣ, ನಕ್ಷತ್ರದ ಸ್ಥಾನ, ಗಂಟಿನ ಬಗೆಗಳು, ಉಸಿರಿನ ಅಳತೆ ಇವೆಲ್ಲವನ್ನೂ ಆ ಹುಡುಗನು ಕಲಿಯುತ್ತಿದ್ದನು. ಆದರೆ ಇದು ಕೇವಲ ವಿದ್ಯಾಭ್ಯಾಸವಾಗಿರಲಿಲ್ಲವಷ್ಟೆ. ಋತುವಿನ ಆರಂಭದಲ್ಲಿ ಮುಂಗಡ ಪಡೆದು ಅಂತ್ಯದಲ್ಲಿ ತೀರಿಸಲಾರದೆ ಉಳಿಯುತ್ತಿದ್ದ ಸಾಲ ತಂದೆಯ ಮರಣಾನಂತರ ಮಗನ ಹೆಗಲಿಗೇರುತ್ತಿದ್ದಿತು; ತಬ್ಬಾಬನ ಕೈ ಕಲಿಯುತ್ತಿದ್ದ ಪ್ರತಿಯೊಂದು ಗಂಟೂ ಅವನನ್ನು ಆ ಸಾಲಕ್ಕೆ ಇನ್ನಷ್ಟು ಬಿಗಿಯುತ್ತಿದ್ದಿತು. ಮುತ್ತಿನ ಆ ಆರ್ಥಿಕ ವ್ಯವಸ್ಥೆಯ ಕುರುಹುಗಳಾಗಿ ಮುಹರಕ್ಕಿನ ಹದಿನೇಳು ಕಟ್ಟಡಗಳೂ, ಸಮುದ್ರದೊಳಗಿನ ಮೂರು ಚಿಪ್ಪಿನ ನೆಲೆಗಳೂ, ಬು ಮಾಹಿರ್ ಕೋಟೆಯ ಬಳಿಯ ಕರಾವಳಿಯೂ 2012ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿವೆ. ಅವುಗಳ ಸೊಬಗನ್ನು ನೋಡುವ ಕಣ್ಣಿಗೆ ಆ ಸಾಲದ ಹೊರೆಯೂ ಕಾಣಬೇಕು.

ನೆಲದ ಮೇಲಿನ ಕಸಬುಗಳು ಇಷ್ಟು ಕ್ರೂರವಾಗಿರಲಿಲ್ಲ. ಆಲಿ ಗ್ರಾಮದ ಕುಂಬಾರರು ಪ್ರಾಚೀನ ದಿಲ್ಮುನ್ ಸಂಸ್ಕೃತಿಯ ಸಮಾಧಿದಿಬ್ಬಗಳ ನಡುವೆ ಬಾಳಿದವರು. ಆ ದಿಬ್ಬಗಳನ್ನೇ ಕೊರೆದು ಆವಿಗೆಗಳನ್ನು ಮಾಡಿಕೊಂಡವರು. ಬನೀ ಜಮ್ರಾದಲ್ಲಿ ನೇಕಾರರಿದ್ದರು. ಬಹರೈನ್ ಕೋಟೆಯ ಮಗ್ಗುಲಲ್ಲಿರುವ ಕರ್ಬಾಬಾದಿನಲ್ಲಿ ಖರ್ಜೂರದ ಗರಿಯ ಬುಟ್ಟಿಗಳನ್ನು ಹೆಣೆಯುತ್ತಿದ್ದರು. ಮಲಬಾರಿನಿಂದ ಬಂದ ಸಾಗುವಾನಿಯಿಂದ ದೋಣಿ ಕಟ್ಟುತ್ತಿದ್ದ ಬಡಗಿಗಳು ಕಾಗದದ ಮೇಲೆ ನಕ್ಷೆ ಬರೆಯದೆ ಕಣ್ಣಳತೆಯಿಂದಲೇ ಹಡಗಿನ ಬಾಗನ್ನು ನಿರ್ಣಯಿಸುತ್ತಿದ್ದರು. ಆ ಕಣ್ಣಳತೆ ತಂದೆಯಿಂದ ಮಗನಿಗೆ ಬರುತ್ತಿದ್ದುದು ಮಾತಿನಿಂದಲ್ಲ, ಒಂದೇ ಮರದ ಎರಡು ಕೊನೆಗಳನ್ನು ಇಬ್ಬರೂ ಹಿಡಿದು ನಿಂತಾಗ.

ಈ ಎಲ್ಲ ಕಸಬುಗಳಿಂದ ಪ್ರತ್ಯೇಕವಾಗಿ ಅಕ್ಷರದ ವಿದ್ಯೆಯು ಮುತವ್ವ ಎಂಬ ಗುರುವಿನ ಮನೆಯಲ್ಲಿ ನಡೆಯುತ್ತಿದ್ದಿತು. ಚಾಪೆಯ ಮೇಲೆ ಕುಳಿತ ಮಕ್ಕಳು ಕುರಾನಿನ ಅಧ್ಯಾಯಗಳನ್ನು ಗಟ್ಟಿಯಾಗಿ ಒಪ್ಪಿಸಿ ಕಂಠಸ್ಥ ಮಾಡುವುದೇ ಅಲ್ಲಿಯ ಪ್ರಧಾನ ಕ್ರಮ, ಬಾಲಿಕೆಯರಿಗೆ ಸ್ತ್ರೀಗುರುಗಳಿದ್ದರು, ಪಠಣ ಪೂರ್ಣಗೊಂಡಾಗ ಸಂಭ್ರಮದ ಮೆರವಣಿಗೆ. ನಮ್ಮ ನಾಡಿನ ಐಗಳ ಮಠವನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವೆನಿಸದು. ಅಲ್ಲಿಯೂ ಕಂಠಪಾಠ, ಅಲ್ಲಿಯೂ ಮಗ್ಗಿಯ ಘೋಷ. ಆದರೆ ಐಗಳ ಮಠದಲ್ಲಿ ಒಂದು ವಿಶೇಷವಿದ್ದಿತು: ನೆಲದ ಮೇಲೆ ಹರಡಿದ ಮರಳಿನಲ್ಲಿ ಮಗುವಿನ ತೋರುಬೆರಳನ್ನು ಹಿಡಿದು ಐಗಳು ಅಕ್ಷರ ತಿದ್ದಿಸುತ್ತಿದ್ದರು. ಬೆರಳ ತುದಿ ಉರಿಯುವಷ್ಟು ತಿದ್ದಿದ ಮೇಲೆಯೇ ಬಳಪ. ಆಮೇಲೆ ಇದ್ದಿಲನ್ನೂ ಹುಣಿಸೆಬೀಜದ ಅಂಟನ್ನೂ ಬಳಿದು ಮಡಿಸಿದ ಬಟ್ಟೆಯ ಕಡತ. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬಾತನು, ದೇಶೀ ಶಾಲೆಯ ಮಕ್ಕಳು ಹೀಗೆ ಮರಳಿನ ಮೇಲೆ ಬರೆಯುತ್ತಿದ್ದುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಆ ಪ್ರಯೋಗದ ವಿವರವನ್ನು ಪ್ರಕಟಿಸಿದನು. ಬಡಮಕ್ಕಳಿಗಾಗಿ ಅಲ್ಲಿ ತೆರೆದ ಶಾಲೆಗಳ ಮುಂದಿನ ಸಾಲಿನ ಮೇಜುಗಳಲ್ಲಿ ಮರಳು ತುಂಬಿದ ತಟ್ಟೆಗಳು ಬಂದವು. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿಯವರು ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಮಕ್ಕಳ ಬೆರಳಿಗೆ ಮುಟ್ಟಿಸಿದರು. ಬೆರಳಿನ ಸ್ಪರ್ಶದಿಂದ ಅಕ್ಷರದ ಆಕಾರವು ಮನಸ್ಸಿನಲ್ಲಿ ನಾಟುವುದೆಂಬ ತತ್ತ್ವವನ್ನು ನಮ್ಮ ಬಡ ಐಗಳು ಶಾಸ್ತ್ರವಾಗಿ ಬರೆದಿಡದಿದ್ದರೂ ನಿತ್ಯವೂ ಆಚರಿಸಿದ್ದರು. ಅವರ ಬೆತ್ತವನ್ನು ಮಾತ್ರ ನೆನೆದು ಅವರ ಮರಳನ್ನು ಮರೆತುದು ನಮ್ಮ ದೊಡ್ಡ ನಷ್ಟ.

ಬಹರೈನಿಗೆ ಹೊಸ ಬಗೆಯ ಶಾಲೆ ಬಂದುದು ಮೊದಲು ಅಮೆರಿಕದ ಮಿಷನರಿಗಳ ಮೂಲಕ. ಏಮಿ ಜ್ವೀಮರ್ ಎಂಬಾಕೆ 1899ರಲ್ಲಿ ಮನಾಮಾದಲ್ಲಿ ಆರಂಭಿಸಿದ ಪುಟ್ಟ ಶಾಲೆಯೇ ಈಗಿನ ಅಲ್-ರಜಾ ಶಾಲೆಯ ಮೂಲ. ದ್ವೀಪದ ಜನರು ತಾವಾಗಿಯೇ ಕಟ್ಟಿದ ಶಾಲೆಯೆಂದರೆ 1919ರಲ್ಲಿ ಮುಹರಕ್ಕಿನಲ್ಲಿ ತೆರೆದ ಅಲ್-ಹಿದಾಯ ಅಲ್-ಖಲೀಫಿಯ್ಯ. ವರ್ತಕರ ಚಂದಾ, ರಾಜಕುಟುಂಬದ ಶೇಖ್ ಅಬ್ದುಲ್ಲಾ ಬಿನ್ ಈಸಾ ಅವರ ಆಸಕ್ತಿ, ಈಜಿಪ್ಟಿನ ವಿದ್ವಾಂಸ ಹಾಫಿಜ್ ವಹ್ಬಾ ಅವರ ಅಧ್ಯಾಪನ ಇವು ಅದರ ಆರಂಭದ ಬಲ. ಅಲ್ಲಿ ಬೆಂಚುಗಳು ಬಂದವು, ಕಪ್ಪುಹಲಗೆ ಬಂದಿತು, ಭೂಪಟ ಬಂದಿತು. ಸಾಗರದ, ಆವಿಗೆಯ, ಮಗ್ಗದ ವಿದ್ಯೆ ಮಾತ್ರ ಬಾಗಿಲ ಹೊರಗೆ ಉಳಿಯಿತು. ಇದನ್ನು ಪಾಶ್ಚಾತ್ಯರ ಅನುಕರಣವೆಂದು ಹಳಿಯುವುದು ಸುಲಭ. ಆದರೆ ಮಗನನ್ನು ಸಾಲದ ದೋಣಿಯಿಂದ ಬಿಡಿಸಬೇಕೆಂದು ಹಂಬಲಿಸಿದ ತಂದೆಗೆ, ಕೈ ಒರಟಾಗದಂಥ ವಿದ್ಯೆಯೇ ವಿದ್ಯೆಯಾಗಿ ತೋರಿದುದರಲ್ಲಿ ಆಶ್ಚರ್ಯವೇನಿದೆ? ನಮ್ಮ ದೇಶದಲ್ಲಿಯೂ ಜಾತಿಗೆ ಅಂಟಿಕೊಂಡ ಕುಲಕಸಬಿನಿಂದ ಹೊರಬರಬೇಕೆಂದವನಿಗೆ ಪುಸ್ತಕವೇ ಮುಕ್ತಿಯ ದಾರಿಯಾಗಿದ್ದಿತಲ್ಲವೆ?

ಬಳಿಕ ಕಾಲವೇ ಹಳೆಯ ದೋಣಿಯನ್ನು ಮುಳುಗಿಸಿತು. ಜಪಾನಿನ ಕೃಷಿಮುತ್ತು ಪೇಟೆಗೆ ಬಂದಿತು. 1929ರ ಆರ್ಥಿಕ ಕುಸಿತದಲ್ಲಿ ಕೊಳ್ಳುವವರು ಇಲ್ಲವಾದರು. 1932ರ ಜೂನಿನಲ್ಲಿ ಜಬಲ್ ದುಖಾನಿನ ತಪ್ಪಲಲ್ಲಿ ತೈಲ ಚಿಮ್ಮಿತು. ಮುಳುಗುವವನ ಮಗನು ಯಂತ್ರದ ಬಳಿ ನಿಲ್ಲಬೇಕಾಗಿ ಬಂದುದರಿಂದ, ಮೂವತ್ತರ ದಶಕದಲ್ಲಿಯೇ ಸರ್ಕಾರವು ಮರಗೆಲಸ, ಯಂತ್ರಗೆಲಸಗಳನ್ನು ಕಲಿಸುವ ತಾಂತ್ರಿಕ ಶಾಲೆಯನ್ನು ತೆರೆಯಿತು. ಅದಕ್ಕೂ ಮುನ್ನ, 1928ರಲ್ಲಿ, ಮುಹರಕ್ಕಿನಲ್ಲಿ ಬಾಲಿಕೆಯರ ಪ್ರಥಮ ಸರ್ಕಾರಿ ಶಾಲೆ ಪ್ರಾರಂಭವಾಗಿದ್ದು, ಆಡಳಿತ ಸಲಹೆಗಾರ ಚಾರ್ಲ್ಸ್ ಬೆಲ್‌ಗ್ರೇವ್ ಅವರ ಪತ್ನಿ ಮಾರ್ಜರಿಯವರು ಬಾಲಿಕೆಯರ ಶಿಕ್ಷಣದ ಹೊಣೆಯನ್ನು ಹೊತ್ತಿದ್ದರು. ಅಲ್ಲಿ ಓದುಬರಹದ ಜೊತೆಗೆ ಹೊಲಿಗೆ, ಕಸೂತಿ ಇದ್ದವು. ಕೈಯ ಕೆಲಸವನ್ನು ಶಾಲೆಯಿಂದ ಹೊರಗಿಟ್ಟ ಆ ಕಾಲದಲ್ಲಿ ಸೂಜಿಯನ್ನು ಹುಡುಗಿಯರಿಗೆ ಮಾತ್ರ ಉಳಿಸಿದುದು ನ್ಯಾಯವೆಂದು ನನಗೆ ತೋರುವುದಿಲ್ಲವಾದರೂ, ಅಕ್ಷರವನ್ನೂ ಸೂಜಿಯನ್ನೂ ಒಂದೇ ಕೊಠಡಿಯಲ್ಲಿ, ಒಂದೇ ಮಗುವಿನ ಕೈಗೆ ಕೊಟ್ಟ ಗೌರವವು ಆ ಬಾಲಿಕೆಯರ ಶಾಲೆಗೆ ಸಲ್ಲತಕ್ಕದ್ದು.

ಇದೇ ಪ್ರಶ್ನೆಯನ್ನು ಭಾರತವು ಬೇರೊಂದು ಬಗೆಯಲ್ಲಿ ಎದುರಿಸಿತು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಸಮ್ಮೇಳನವು ಏಳು ವರ್ಷಗಳ ಕಡ್ಡಾಯ ಶಿಕ್ಷಣ ಮಾತೃಭಾಷೆಯಲ್ಲಿರಬೇಕು, ಒಂದು ಉತ್ಪಾದಕ ಕೈಕಸಬನ್ನು ಕೇಂದ್ರವಾಗಿರಿಸಿಕೊಂಡಿರಬೇಕು ಎಂದು ನಿರ್ಣಯಿಸಿತು. ಜಾಕಿರ್ ಹುಸೇನ್ ಅವರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ನೂಲು ತೆಗೆಯುವ ಮಗು ತಕಲಿಯ ಸುತ್ತುಗಳಿಂದ ಲೆಕ್ಕವನ್ನು, ಹತ್ತಿಯಿಂದ ಭೂಗೋಳವನ್ನು, ಬಟ್ಟೆಯಿಂದ ಚರಿತ್ರೆಯನ್ನು ಕಲಿಯಬೇಕೆಂಬ ಆ ಭಾವನೆ ಉದಾತ್ತವಾದದ್ದು. ಮಕ್ಕಳು ತಯಾರಿಸಿದ ವಸ್ತುಗಳ ಮಾರಾಟದಿಂದಲೇ ಉಪಾಧ್ಯಾಯರ ವೇತನ ಹೊರಡಬೇಕೆಂಬ ಭಾಗವು ಮಾತ್ರ ಅನೇಕರನ್ನು ಕಳವಳಗೊಳಿಸಿತು. ತಬ್ಬಾಬನ ಕಥೆಯನ್ನು ಬಲ್ಲವರಿಗೆ ಆ ಕಳವಳದ ಅರ್ಥ ಬೇಗನೆ ಹೊಳೆಯುತ್ತದೆ. ಮಗುವಿನ ಕೈಯ ದುಡಿಮೆಗೆ ಬೆಲೆ ಕಟ್ಟಿದೊಡನೆ ಕಲಿಕೆಯ ಗತಿಯನ್ನು ನಿರ್ಧರಿಸುವುದು ಪೇಟೆಯೇ ಹೊರತು ಮಗುವಲ್ಲ. ಮೂಲಶಿಕ್ಷಣವೆಂಬ ಹೆಸರು ಪಡೆದ ಈ ವಾರ್ಧಾ ಪದ್ಧತಿಯ ಶಾಲೆಗಳು ಕರ್ನಾಟಕದಲ್ಲಿಯೂ ನಡೆದು ಕ್ರಮೇಣ ಕ್ಷೀಣಿಸಿದವು. ಅದೇ ಕಾಲಕ್ಕೆ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಪೇಟೆಯ ಗೊಡವೆಯಿಲ್ಲದೆ ಆಟ, ನೃತ್ಯ, ಪ್ರಕೃತಿಗಳ ಮೂಲಕ ಮಕ್ಕಳಿಗೆ ಕಲಿಸಲು ಯತ್ನಿಸಿದರು. ದಶಕಗಳ ತರುವಾಯ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡುಬಂದ ಸರ್ಕಾರಿ ಶಾಲೆಯ ಉಪಾಧ್ಯಾಯರೇ ರೂಪಿಸಿದ ನಲಿಕಲಿ ಪದ್ಧತಿಯಲ್ಲಿ ಕೈ ಮತ್ತೆ ತರಗತಿಗೆ ಬಂದಿತು: ಸೂರಿನಿಂದ ಇಳಿಬಿಟ್ಟ ಕಲಿಕಾ ಚಪ್ಪರ, ಮಕ್ಕಳ ಎತ್ತರಕ್ಕೆ ಗೋಡೆಯಲ್ಲಿ ಬಳಿದ ಕಪ್ಪುಹಲಗೆ, ತನ್ನ ಮೆಟ್ಟಿಲನ್ನು ತಾನೇ ಗುರುತಿಸಿಕೊಂಡು ಮಗು ಏರುವ ಕಲಿಕಾ ಏಣಿ, ಕಾಳು ಕಡ್ಡಿಗಳ ಲೆಕ್ಕ. 2009–10ರಲ್ಲಿ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿತು. ಇಲ್ಲಿ ಮಗುವಿನ ಕೈ ಮಾರತಕ್ಕ ವಸ್ತುವನ್ನೇನೂ ತಯಾರಿಸುವುದಿಲ್ಲ. ನಲಿಕಲಿಯ ಹಿರಿಮೆ ನನಗೆ ಕಾಣುವುದು ಅಲ್ಲಿಯೇ.

ಬಹರೈನಿನಲ್ಲಿ ನೆಲೆಸಿದ ಭಾರತೀಯರು 1950ರಲ್ಲಿ ಸ್ಥಾಪಿಸಿದ ಇಂಡಿಯನ್ ಸ್ಕೂಲ್ ಇಂದು ಈಸಾ ಟೌನಿನಲ್ಲಿಯೂ ರಿಫಾದಲ್ಲಿಯೂ ವಿಸ್ತರಿಸಿ, ಭಾರತದ ಕೇಂದ್ರೀಯ ಮಂಡಳಿಯ ಪಠ್ಯಕ್ರಮವನ್ನು ಅನುಸರಿಸುತ್ತಿದೆ. ಕರಾವಳಿಯಿಂದ ಬಂದ ಅನೇಕ ಕನ್ನಡ ಕುಟುಂಬಗಳ ಮಕ್ಕಳಿಗೂ ಇಲ್ಲಿ ಈ ಬಗೆಯ ಶಾಲೆಗಳೇ ಆಸರೆ. ಕೊಠಾರಿ ಆಯೋಗವು ಅರವತ್ತರ ದಶಕದಲ್ಲಿ ಶಿಫಾರಸು ಮಾಡಿದ ಕಾರ್ಯಾನುಭವವೂ, 2020ರ ರಾಷ್ಟ್ರೀಯ ಶಿಕ್ಷಣನೀತಿಯು ಎತ್ತಿಹಿಡಿದ ಅನುಭವಾತ್ಮಕ ಕಲಿಕೆಯೂ ದೆಹಲಿಯ ಮಂಡಳಿಯ ಮೂಲಕ ಇಂಥ ಶಾಲೆಗಳ ತರಗತಿಗಳನ್ನು ತಲುಪುತ್ತವೆ. ವಾರ್ಧಾದ ತಕಲಿಯ ಮೊಮ್ಮಗುವೊಂದು ಸಾಗರ ದಾಟಿ ಬಂದು, ಬನೀ ಜಮ್ರಾದ ಮಗ್ಗದಿಂದ ಕೆಲವೇ ಮೈಲುಗಳ ದೂರದಲ್ಲಿ, ಬಣ್ಣದ ಕಾಗದದ ಪಟ್ಟಿಗಳನ್ನು ಹೆಣೆಯುತ್ತಿರುವ ದೃಶ್ಯ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಕಾಗದದ ಪಟ್ಟಿಯನ್ನು ಹೆಣೆಯುವುದು ತಪ್ಪಲ್ಲ. ಆದರೆ ಅಂಗಡಿಯಿಂದ ತಂದ ಪೊಟ್ಟಣವನ್ನು ಬಿಚ್ಚಿ, ಸೂಚನೆಯಂತೆ ಅಂಟಿಸಿ, ಚಿತ್ರ ತೆಗೆದು ಮನೆಗೆ ಕಳುಹಿಸಿದ ಮಾತ್ರಕ್ಕೆ ಅದು ಕೈಯ ವಿದ್ಯೆಯಾಗದು. ವಸ್ತುವು ಎದುರು ನಿಲ್ಲಬೇಕು, ಮಣಿಯದೆ ಹಟ ಹಿಡಿಯಬೇಕು, ಮಗು ಅದರ ಸ್ವಭಾವವನ್ನು ಅರಿತು ಬೇರೆಯ ದಾರಿಯನ್ನು ಹುಡುಕಬೇಕು.

ಇದನ್ನು ಆಲಿಯ ಕುಂಬಾರನ ಮುಂದೆ ನಿಂತವರು ಬಲ್ಲರು. ತಗ್ಗಿನಲ್ಲಿ ಕುಳಿತು ಕಾಲಿನಿಂದ ಚಕ್ರವನ್ನು ತಿರುಗಿಸುವ ಆತನು ಮಣ್ಣಿನ ದೊಡ್ಡ ಮುದ್ದೆಯ ತುದಿಯಲ್ಲಿ ಹೆಬ್ಬೆರಳನ್ನೊತ್ತಿ ಪುಟ್ಟ ಪಾತ್ರೆಯೊಂದನ್ನು ಎಬ್ಬಿಸಿ, ದಾರದಿಂದ ಕತ್ತರಿಸಿ ಬದಿಗಿಟ್ಟು, ಅದೇ ಮುದ್ದೆಯಿಂದ ಮತ್ತೊಂದನ್ನು ಎಬ್ಬಿಸುತ್ತಾನೆ. ಮಗುವಿಗೆ ಅವಕಾಶ ಕೊಟ್ಟರೆ ಮೊದಲು ಮಣ್ಣು ಓರೆಯಾಗುತ್ತದೆ, ಬಳಿಕ ಅಂಚು ಹರಿಯುತ್ತದೆ. ನೀರು ಹೆಚ್ಚಾದರೆ ಕುಸಿಯುತ್ತದೆ, ಕಡಮೆಯಾದರೆ ಬಿರಿಯುತ್ತದೆ. ಕೇಂದ್ರವೆಂದರೇನೆಂಬುದನ್ನು ಕೈವಾರದಿಂದ ವೃತ್ತವೆಳೆದ ಮಗುವಿಗಿಂತ ಈ ಮಗು ಹೆಚ್ಚು ಆಳವಾಗಿ ತಿಳಿಯುತ್ತದೆ. ಅಲ್ಲಿಯ ಸಮಾಧಿದಿಬ್ಬಗಳು 2019ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿರುವುದರಿಂದ, ಒಂದೇ ಸಂಚಾರದಲ್ಲಿ ನಾಲ್ಕು ಸಾವಿರ ವರ್ಷಗಳ ಚರಿತ್ರೆಯೂ ಮಣ್ಣಿನ ಗುಣವೂ ಮಕ್ಕಳಿಗೆ ಲಭಿಸುವುದು.

ಬಹರೈನಿನ ಸರ್ಕಾರವು 2005ರಲ್ಲಿ ಭವಿಷ್ಯದ ಶಾಲೆಗಳೆಂಬ ಯೋಜನೆಯಿಂದ ಗಣಕಯಂತ್ರಗಳನ್ನು ತರಗತಿಗಳಿಗೆ ತಂದಿತು. 2008ರಲ್ಲಿ ಉಪಾಧ್ಯಾಯರ ತರಬೇತಿಗಾಗಿ ವಿಶ್ವವಿದ್ಯಾಲಯದಲ್ಲಿಯೇ ಒಂದು ಕಾಲೇಜನ್ನು ಸ್ಥಾಪಿಸಿತು. ಇವೆಲ್ಲ ಶ್ಲಾಘ್ಯವೇ. ಸಾಲದ ದೋಣಿಯೂ ಇಲ್ಲ, ಮಗು ದುಡಿದು ತರಬೇಕೆಂಬ ಬಡತನವೂ ಹಿಂದಿನಂತಿಲ್ಲ. ಕೈಯ ವಿದ್ಯೆಯನ್ನು ನಿರ್ಭಯವಾಗಿ ಮಕ್ಕಳಿಗೆ ಕೊಡಬಹುದಾದ ಸುಸಮಯ ಈ ದ್ವೀಪದ ಚರಿತ್ರೆಯಲ್ಲಿ ಮೊದಲ ಬಾರಿಗೆ ಒದಗಿದೆ. ಕರ್ಬಾಬಾದಿನ ಹೆಣೆಯುವವರು ಈಗ ವಿರಳ. ನೆನೆಸಿದ ಗರಿಯನ್ನು ಸೀಳಿ, ಎರಡರ ಮೇಲೆ ಒಂದರ ಕೆಳಗೆ ಎಂದು ಎಣಿಸುತ್ತ ಹೋಗುವ ಆ ಲೆಕ್ಕವನ್ನು ಬಲ್ಲ ವೃದ್ಧರು ಇರುವಾಗಲೇ ಮಕ್ಕಳು ಅವರ ಪಕ್ಕದಲ್ಲಿ ಕೂರಬೇಕಾಗಿದೆ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಕರೆದೊಯ್ದು ತೋರಿಸುವ ವಿಹಾರ ಇದಕ್ಕೆ ಸಾಲದು. ವಾರಕ್ಕೆರಡು ಅವಧಿಗಳು ಬೇಕು, ವೃದ್ಧನಿಗೆ ಉಪಾಧ್ಯಾಯನಿಗೆ ಸಮಾನವಾದ ಸಂಭಾವನೆ ಬೇಕು, ಮತ್ತು ಮಗು ಹೆಣೆದ ಸೊಟ್ಟ ಬುಟ್ಟಿಯನ್ನು ಅದರ ಸೊಟ್ಟಿನೊಡನೆಯೇ ಮನೆಗೆ ಒಯ್ಯಲು ಬಿಡುವ ಶಾಲೆ ಬೇಕು.